ಜ್ವರದ ಅಂಕಿಗಳನ್ನು ಓದುವ ವೃತ್ತಿ

ಪ್ರಶ್ನೆ: ಸಂಖ್ಯಾಶಾಸ್ತ್ರ ಓದುತ್ತಿರುವ ನನ್ನ ಮಗಳು ಬಿ.ಎಸ್ಸಿ. ಅಂತಿಮ ವರ್ಷದಲ್ಲಿದ್ದಾಳೆ. ಸಾಂಕ್ರಾಮಿಕ ರೋಗಗಳ ಅಧ್ಯಯನದಲ್ಲಿ ತೊಡಗಬೇಕೆಂಬುದು ಅವಳ ಹಂಬಲ. ವೈದ್ಯಕೀಯ ಓದದವರಿಗೆ ಅಲ್ಲಿ ಸ್ಥಾನವಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಇದೆ. ಮಳೆಗಾಲದಲ್ಲಿ ನಿಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆಯರು ನೀರಿನ ಡ್ರಮ್ಮಿನ ಮುಚ್ಚಳ ಸರಿಸಿ, ಟಾರ್ಚ್ ಬೆಳಕಿನಲ್ಲಿ ಡೆಂಗಿ ಜ್ವರ ಹರಡುವ ಸೊಳ್ಳೆಯ ಲಾರ್ವಾ ಹುಡುಕಿ ಬರೆದುಕೊಳ್ಳುವುದನ್ನು ನೀವು ನೋಡಿರಬಹುದು. ನೋಡಿದ 100 ಮನೆಗಳ ಪೈಕಿ 12ರಲ್ಲಿ ಲಾರ್ವಾ ಸಿಕ್ಕರೆ ಆ ಬಡಾವಣೆಯ ಮನೆ ಸೂಚ್ಯಂಕ 12. ಇಷ್ಟು ಸರಳ. ನಿಜವಾದ ಕಷ್ಟವಿರುವುದು ವರದಿಯ ವಿಳಂಬದಲ್ಲಿ: ಜ್ವರ ಕಾಣಿಸಿಕೊಂಡ ದಿನಕ್ಕೂ ಪರೀಕ್ಷೆಯ ಫಲಿತಾಂಶ ದಾಖಲಾಗುವ ದಿನಕ್ಕೂ ಅಂತರವಿರುವುದರಿಂದ, ತೀರಾ ಈಚಿನ ದಿನಗಳ ಪ್ರಕರಣಗಳು ಸಾಮಾನ್ಯವಾಗಿ ಕಡಿಮೆಯಾದಂತೆ ತೋರುತ್ತವೆ, ಅದು ರೋಗದ ಇಳಿಕೆಯೋ ಅಥವಾ ಇನ್ನೂ ಕೈಸೇರದ ವರದಿಗಳ ಕೊರತೆಯೋ ಎಂಬುದನ್ನು ಹಿಂದಿನ ವಿಳಂಬಗಳ ಆಧಾರದ ಮೇಲೆ ಅಂದಾಜಿಸುವವರು ಸಂಖ್ಯಾಶಾಸ್ತ್ರಜ್ಞರು. ಈ ಅಂದಾಜು ತಪ್ಪಿದರೆ ಆಸ್ಪತ್ರೆಯ ಹಾಸಿಗೆಗಳ ಸಿದ್ಧತೆಯೂ ತಪ್ಪುತ್ತದೆ. ಆದ್ದರಿಂದಲೇ ಈ ಕೆಲಸವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಎಂ.ಎಸ್ಸಿ. ಸಂಖ್ಯಾಶಾಸ್ತ್ರವನ್ನು ನಿಮ್ಮೂರಿನ ಶಿವಗಂಗೋತ್ರಿಯಲ್ಲಿಯೇ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ ಆವರಣದಲ್ಲಿಯೇ, ಓದಬಹುದು. ಆರೋಗ್ಯದ ಅಂಕಿ-ಅಂಶಗಳನ್ನು ವಿಶ್ಲೇಷಿಸುವ ಜೈವಿಕ ಸಂಖ್ಯಾಶಾಸ್ತ್ರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಂಕಿ-ಅಂಶಗಳ ವಿಶ್ಲೇಷಣೆಗೆ ಬಳಸುವ, ಉಚಿತವಾಗಿ ದೊರೆಯುವ ‘ಆರ್’ ತಂತ್ರಾಂಶವನ್ನು ನಿಮ್ಮ ಮಗಳು ಈಗಿನಿಂದಲೇ ಕಲಿಯಲಿ. ಸಂಶೋಧನಾ ಯೋಜನೆಗಳಲ್ಲಿ ಆರಂಭದ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು ಎಂಬುದನ್ನು ಮಾತ್ರ ಮೊದಲೇ ತಿಳಿದಿರಿ.