ಕಷ್ಟ ಉಂಡವರನ್ನು ಸಂಘದ ಅಧ್ಯಕ್ಷೆ ಮಾಡುವ ಮುಂಚೆ

ನೀವು ಕೇಳಿದ್ದು ಇದು: ಅಂಕೋಲಾ ಕಡೆಯ ನಿಮ್ಮ ಊರಲ್ಲಿ ಮೀನು ಮಾರುವ 14 ಹೆಂಗಸರ ಸ್ವಸಹಾಯ ಸಂಘವಿದೆ. ಗಂಡ ತೀರಿಹೋದ ಮೇಲೆ ಬುಟ್ಟಿ ಹೊತ್ತು ಮಕ್ಕಳನ್ನು ದಡ ಮುಟ್ಟಿಸಿದ ಅಕ್ಕ ಒಬ್ಬರನ್ನು ಅಧ್ಯಕ್ಷೆ ಮಾಡಬೇಕೆಂದು ಎಲ್ಲರ ಮನಸ್ಸಲ್ಲಿದೆ, ಆದರೆ ಅವರಿಗೆ ಓದು ಬರಹ ಇಲ್ಲ. ಕಷ್ಟ ದಾಟಿ ಬಂದವರಿಗೆ ನಾಯಕತ್ವ ತಾನಾಗಿ ಬರುತ್ತದೆಯೇ?

ತಾನಾಗಿ ಬರುವುದಿಲ್ಲ. ಕಷ್ಟ ಕಲಿಸುವುದು ಒಬ್ಬರೇ ನಿಭಾಯಿಸುವುದನ್ನು. ಸಂಘಕ್ಕೆ ಬೇಕಾದ್ದು 14 ಜನ ಕೂಡಿ ನಿಭಾಯಿಸುವುದು. ಮೊದಲನೆಯದು ಎಷ್ಟು ಗಟ್ಟಿಯಾಗಿ ಮೈಗೆ ಹತ್ತಿರುತ್ತದೋ, ಎರಡನೆಯದನ್ನು ರೂಢಿಸಿಕೊಳ್ಳುವುದು ಅಷ್ಟೇ ಕಷ್ಟ. ಹಾಗಿದ್ದೂ ನಾನು ಆ ಅಕ್ಕನ ಪರವೇ. ಯಾಕೆಂದರೆ ಅವರಿಗೆ ಗೊತ್ತಿರುವ ಸಂಗತಿಗಳು ಯಾವ ತರಬೇತಿಯಲ್ಲೂ ಸಿಗುವಂಥವಲ್ಲ.

ಓದಿನ ಚಿಂತೆ ಮೊದಲು ಬಿಡಿ. ನಿಮ್ಮ ತಾಲೂಕಿನಲ್ಲೇ ನೋಡಿ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆ ಕಲಿತವರಲ್ಲ, ಗಂಡನನ್ನು ಬೇಗ ಕಳೆದುಕೊಂಡವರು. ತಮ್ಮ ಹಾಲಕ್ಕಿ ಸಮುದಾಯದ ಹಾಡುಗಳನ್ನು ಕಾಪಾಡಿದ್ದಲ್ಲದೆ, ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತರು. ಪದ್ಮಶ್ರೀ ಬಂದದ್ದು 2017ರಲ್ಲಿ. ಹೊನ್ನಳ್ಳಿಯ ತುಳಸಿ ಗೌಡರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು. ಯಾವ ತಾಯಿಮರದಿಂದ ಯಾವಾಗ ಬೀಜ ಆಯಬೇಕೆಂದು ಕೈಯಿಂದಲೇ ಕಲಿತಿದ್ದರು. ಇಬ್ಬರ ಮಾತಿಗೂ ಬೆಲೆ ಬಂದದ್ದು ಪಟ್ಟ ಕಷ್ಟದಿಂದಲ್ಲ, ಬಲ್ಲ ಕೆಲಸದಿಂದ ಎಂದೇ ನನ್ನ ಎಣಿಕೆ. ನಿಮ್ಮ ಅಕ್ಕನ ವಿಷಯದಲ್ಲೂ ಅದನ್ನೇ ನೋಡಿ: ಅವರು ಏನು ಅನುಭವಿಸಿದರು ಎನ್ನುವುದಕ್ಕಿಂತ, ಅದರಿಂದ ಏನು ಬಲ್ಲವರಾದರು.

ಮೀನು ಮಾರಿ ಒಬ್ಬರೇ ಮನೆ ನಡೆಸಿದವರು ಮಳೆಗಾಲದ ಲೆಕ್ಕವನ್ನು ಬಲ್ಲವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬುಟ್ಟಿಯಲ್ಲಿ ಇರುವುದು ನಾಡದೋಣಿಯ ಒಂದಿಷ್ಟು ಮೀನು, ಇಲ್ಲವೇ ಬೇಸಿಗೆಯಲ್ಲಿ ಕೂಡಿಟ್ಟ ಒಣಮೀನು. ಅದೇ ಹೊತ್ತಿಗೆ ಶಾಲೆ ಶುರು, ಮನೆ ಸೋರುವ ಕಾಲ. ಬಹಳ ಸಂಘಗಳಲ್ಲಿ ಸಾಲದ ಕಂತು ವರ್ಷವಿಡೀ ಒಂದೇ ಸಮ ಇರುತ್ತದೆ. ಜೂನ್‌ನಲ್ಲಿ ಒಬ್ಬಳು ತಪ್ಪುತ್ತಾಳೆ, ನಾಚಿಕೆಯಿಂದ ಸಭೆಗೆ ಬರುವುದನ್ನು ಬಿಡುತ್ತಾಳೆ, ಅವಳನ್ನು ನೋಡಿ ಇನ್ನಿಬ್ಬರು ನಿಲ್ಲಿಸುತ್ತಾರೆ. ಸಂಘ ಒಡೆಯುವುದು ಹೀಗೆ. ನಿಮ್ಮ ಅಕ್ಕನಿಗೆ ಇದು ಯಾರೂ ಹೇಳದೆ ಗೊತ್ತು. ಆ ತಿಳಿವಳಿಕೆ ಅವರ ತಲೆಯಲ್ಲೇ ಉಳಿಯಬಾರದು, ಠರಾವಾಗಿ ನಡಾವಳಿ ಪುಸ್ತಕಕ್ಕೆ ಬರಬೇಕು.

ಉದಾಹರಣೆಗೆ: ಆಗಸ್ಟ್‌ನಲ್ಲಿ ಒಬ್ಬರಿಗೆ 9,000 ರೂಪಾಯಿ ಸಾಲ ಕೊಟ್ಟಿರಿ ಎನ್ನಿ. ಸೆಪ್ಟೆಂಬರ್‌ನಿಂದ ಮೇ ತನಕ ತಿಂಗಳಿಗೆ 1,000ದಂತೆ 9 ಕಂತು. ಮಳೆ ಬೀಳುವ ಮೊದಲು ಸಾಲ ತೀರಿರುತ್ತದೆ. ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿಯನ್ನು ಉಳಿದ ಅಸಲಿನ ಮೇಲೆ ಹಾಕಿದರೆ ಮೊದಲ ತಿಂಗಳು 90, ಆಮೇಲೆ 80, 70, ಹೀಗೆ ಇಳಿದು ಒಟ್ಟು 450. ಪ್ರತಿ ತಿಂಗಳೂ ಪೂರ್ತಿ 9,000ಕ್ಕೇ ಬಡ್ಡಿ ಹಿಡಿದರೆ ಅದೇ 810 ಆಗುತ್ತದೆ. ಪುಸ್ತಕ ಬರೆಯುವವರು ಗೊತ್ತಿಲ್ಲದೆ ಎರಡನೆಯ ಲೆಕ್ಕ ಹಾಕಿಬಿಡುವುದುಂಟು, ಒಮ್ಮೆ ತಾಳೆ ನೋಡಿ. ಮಳೆಗಾಲ ದಾಟಿ ಹೋಗುವ ದೊಡ್ಡ ಸಾಲವಾದರೆ ಜೂನ್, ಜುಲೈನಲ್ಲಿ ಬಡ್ಡಿ ಮಾತ್ರ, ಅಸಲು ಇಲ್ಲ ಎಂದು ಸಾಲ ಕೊಡುವ ದಿನವೇ ಬರೆಯಿರಿ. ಜೂನ್ ಬಂದ ಮೇಲೆ ಬರೆದರೆ ಅದು ಒಬ್ಬಳಿಗೆ ತೋರಿದ ದಯೆಯಾಗುತ್ತದೆ. ಮೊದಲೇ ಬರೆದರೆ ಎಲ್ಲರ ನಿಯಮ.

ಇನ್ನು ಕಷ್ಟ ಬಿಟ್ಟುಹೋಗುವ ಕೆಟ್ಟ ರೂಢಿಗಳು. ಅಕ್ಕನನ್ನು ಆರಿಸುವ ಮುಂಚೆ ಸುಮ್ಮನೆ ಮಾತಿನ ನಡುವೆ ಒಂದು ಪ್ರಶ್ನೆ ಕೇಳಿ: "ಒಬ್ಬಳು ಮೂರು ವಾರದಿಂದ ಕಂತು ಕಟ್ಟಿಲ್ಲ. ನೀವಾದರೆ ಏನ್ ಮಾಡ್ತೀರಿ ಅಕ್ಕ?" "ಪಾಪ, ನಾನೇ ಕೈಯಿಂದ ಹಾಕ್ತೆ" ಎಂದರೆ ಆರು ತಿಂಗಳಲ್ಲಿ ಅವರೇ ಸಾಲಗಾರರಾಗುತ್ತಾರೆ. "ನಾನೇನು ಕಷ್ಟ ಉಣ್ಲಿಲ್ವಾ, ನಾನು ಕಟ್ಲಿಲ್ವಾ" ಎಂದರೆ ಅದು ಇನ್ನೂ ಅಪಾಯ. ತನ್ನ ನೋವನ್ನೇ ಅಳತೆಗೋಲು ಮಾಡಿಕೊಂಡವರಿಗೆ ಬೇರೆಯವರ ನೋವು ಯಾವಾಗಲೂ ಚಿಕ್ಕದಾಗಿಯೇ ಕಾಣುತ್ತದೆ. "ಯಾಕೆ ಕಟ್ಲಿಲ್ಲ ಕೇಳಿ, ಸಭೆಗೆ ಕರ್ಕೊಂಡು ಬರ್ತೆ" ಎಂದರೆ ಅರ್ಧ ಕೆಲಸ ಆದಂತೆ. ಮೊದಲೆರಡು ಉತ್ತರ ಬಂದರೂ ಕೈಬಿಡಬೇಡಿ. ಅವು ತಿದ್ದುವಂಥ ರೂಢಿಗಳೇ, ಆದರೆ ಬುದ್ಧಿಮಾತಿನಿಂದಲ್ಲ, ಕೆಲಸ ಹಂಚುವುದರಿಂದ.

ಹಂಚುವುದು ಹೇಗೆ? ದುಡ್ಡು ಎಣಿಸುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ಬ್ಯಾಂಕಿಗೆ ಹೋಗುವವರು ಪ್ರತಿ ತಿಂಗಳೂ ಬೇರೆ ಇಬ್ಬರು. ಒಬ್ಬರೇ ಎಲ್ಲ ಮಾಡಿ ಬದುಕಿದವರಿಗೆ ಇದು ಅಪನಂಬಿಕೆ ಎಂದು ತೋರಬಹುದು. ಹಾಗಾಗಿ ಅವರು ಅಧ್ಯಕ್ಷೆಯಾಗುವ ಮುಂಚೆಯೇ ಇದನ್ನು ಸಂಘದ ಪದ್ಧತಿ ಮಾಡಿಬಿಡಿ. ವಾರಕ್ಕೆ 50 ರೂಪಾಯಿ ಉಳಿತಾಯವಾದರೆ 14 ಜನರಿಂದ 700 ಬರಬೇಕು. ಅಧ್ಯಕ್ಷೆ ಆ ನೋಟುಗಳನ್ನು ಎಲ್ಲರೆದುರು ಗಟ್ಟಿಯಾಗಿ ಎಣಿಸಲಿ. ಸಂತೆಯಲ್ಲಿ ಎಣಿಸಿದ ಕೈ, ತಪ್ಪುವುದಿಲ್ಲ. ಸಭೆ ಶುರುವಾದೊಡನೆ ಹಿಂದಿನ ವಾರದ ಜಮಾ, ಸಾಲ, ಕೈಯಲ್ಲಿ ಉಳಿದದ್ದು ಮೂರನ್ನೂ ಯಾರಾದರೂ ಓದಿ ಹೇಳಲಿ. ಪ್ರತಿಯೊಬ್ಬರ ಪಾಸ್‌ಬುಕ್ ಅವರೆದುರೇ ತುಂಬಲಿ. ಅಕ್ಷರ ಬಾರದ ಅಧ್ಯಕ್ಷೆಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಖಾಲಿ ಚೆಕ್ಕಿಗೋ ಹಣ ತೆಗೆಯುವ ಚೀಟಿಗೋ ಮೊದಲೇ ಸಹಿ, ಹೆಬ್ಬೆಟ್ಟು ಹಾಕಿಸಿಟ್ಟುಕೊಳ್ಳುವುದು ಮಾತ್ರ ಎಂದಿಗೂ ಬೇಡ. ಎಷ್ಟೇ ನಂಬಿಕೆಯವರು ಕೇಳಲಿ, ಬೇಡ.

ಬ್ಯಾಂಕಿನವರು ಸಂಘಕ್ಕೆ ಸಾಲ ಕೊಡುವಾಗ ಕನಿಷ್ಠ 6 ತಿಂಗಳ ನಡವಳಿಕೆಯನ್ನೂ ಪಂಚಸೂತ್ರವನ್ನೂ ನೋಡುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಸದಸ್ಯರೊಳಗೇ ಕೊಡುವ ಒಳಸಾಲ, ಮರುಪಾವತಿ, ಸರಿಯಾದ ಪುಸ್ತಕ. ಅಧ್ಯಕ್ಷೆಯ ಬಾಳಿನ ಕತೆಗೆ ಅಲ್ಲಿ ಜಾಗ ಇಲ್ಲ, ಇರಲೂಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಥವರನ್ನು ಆರಿಸಿದ ಮೇಲೆ ಸಂಘಗಳ ಒಕ್ಕೂಟದ ಸಭೆ, ಸನ್ಮಾನ ಎಂದು ಹೋದಲ್ಲೆಲ್ಲ "ಗಂಡ ಹೋದ ಮೇಲೆ ಎಷ್ಟು ಕಷ್ಟಪಟ್ಟರು ಗೊತ್ತಾ" ಎಂದು ಪರಿಚಯಿಸುವ ಚಾಳಿ ಶುರುವಾಗುತ್ತದೆ. ಅದು ಅವರಿಗೆ ಪ್ರತಿ ಸಲ ಗಾಯ ಕೆದಕಿದ ಹಾಗೆ. ಸಂಘಕ್ಕೂ ಕೆಟ್ಟದ್ದೇ, ಯಾಕೆಂದರೆ ಇಷ್ಟು ನೊಂದವರ ಹತ್ತಿರ ಲೆಕ್ಕ ಕೇಳುವುದು ಹೇಗೆ ಎಂದು ಉಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಲೆಕ್ಕ ಕೇಳದ ಸಂಘದಲ್ಲಿ ಪ್ರಾಮಾಣಿಕರ ಮೇಲೂ ಒಂದು ದಿನ ಗುಸುಗುಸು ಹುಟ್ಟುತ್ತದೆ. ಪರಿಚಯ ಮಾಡುವುದಾದರೆ "ನಮ್ಮಲ್ಲಿ ಮಳೆಗಾಲದ ಕಂತಿನ ಠರಾವು ತಂದವರು" ಎನ್ನಿ.

ಸಭೆಯ ಹೊತ್ತು ಅವರನ್ನೇ ಕೇಳಿ ಗೊತ್ತುಮಾಡಿ. ಮೀನು ಮಾರಿ ಬಂದು, ಮಿಂದು, ಉಂಡ ಮೇಲೆ ಮುಕ್ಕಾಲು ಗಂಟೆ ಸಾಕು. ಅವಧಿ ಒಂದೋ ಎರಡೋ ವರ್ಷ ಎಂದು ಮೊದಲೇ ಗೊತ್ತಿರಲಿ. ಮುಂದಿನವರು ಯಾರೆಂದು ಮೊದಲ ವರ್ಷದಲ್ಲೇ ನೋಡಿ, ಬ್ಯಾಂಕಿಗೆ ಜೊತೆಗೆ ಕರೆದೊಯ್ಯಲಿ.

ಕೊನೆಗೆ, ನೀವು 13 ಜನ ಮಾತಾಡಿಕೊಂಡಂತಿದೆ. ಅವರನ್ನು ಕೇಳಿದ್ದೀರೋ ಇಲ್ಲವೋ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಮನೆಗೆ ಒಬ್ಬರೇ ಹೋಗಿ ಕೇಳಿ, ಸಭೆಯಲ್ಲಿ ಎಲ್ಲರೆದುರು ಬೇಡ. ಅಲ್ಲಿ "ಒಲ್ಲೆ" ಎನ್ನುವುದು ಅವರಿಗೆ ಕಷ್ಟ. ಒಲ್ಲೆ ಎಂದರೆ ಒತ್ತಾಯಿಸದೆ, ಮಳೆಗಾಲದ ಠರಾವು ಬರೆಯುವ ದಿನ ಪಕ್ಕದಲ್ಲಿ ಕೂತು ಹೇಳಿಕೊಡುತ್ತೀರಾ ಎಂದಷ್ಟೇ ಕೇಳಿ.