ಸಹಿ ಶೈಲಾ ಅವರದು

ಶೈಲಾ (ಹೆಸರು ಬದಲಿಸಿದೆ) ಮದುವೆಯಾಗಿರುವುದು ಸೋದರಮಾವನನ್ನು; ಹಾಗಾಗಿ ಅಜ್ಜಿಯೇ ಅತ್ತೆ, ಅಜ್ಜನೇ ಮಾವ. ಇಪ್ಪತ್ತೊಂದನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ಹೃದಯದಿಂದ ಎರಡರ ಬದಲು ಒಂದೇ ದೊಡ್ಡ ರಕ್ತನಾಳ ಹೊರಟಿರುವುದು ಕಂಡಿತ್ತು. ಮಕ್ಕಳ ಹೃದ್ರೋಗ ತಜ್ಞರು ಫೀಟಲ್ ಎಕೋ (ಗರ್ಭದಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್) ಮಾಡಿ, ಟ್ರಂಕಸ್ ಆರ್ಟೀರಿಯೋಸಸ್ ಎಂದು ಖಚಿತಪಡಿಸಿ ನನ್ನ ಬಳಿ ಕಳುಹಿಸಿದ್ದರು.

ಬಂದವರು ನಾಲ್ವರು, ಮಾತನಾಡಿದವರು ಮೂವರು. ಗ್ರಹಣದ ದಿನ ಹೊರಗೆ ಹೋದದ್ದೇ ಕಾರಣವೆಂದರು ಅಜ್ಜಿ. "ಇವತ್ತೇ ತೆಗೆಸಿಬಿಡಿ" ಎಂದರು ಅಜ್ಜ. ಗಂಡನಿಗೆ ಖರ್ಚಿನ ಚಿಂತೆ. ಶೈಲಾ ಒಬ್ಬರನ್ನೇ ಕೂರಿಸಿಕೊಂಡು ಉಳಿದವರನ್ನು ಹೊರಗೆ ಕಳುಹಿಸಿದೆ. ಅಜ್ಜಿ ಮುನಿಸಿಕೊಂಡರು; ಇಂಥ ಮುನಿಸಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

"ನನ್ನಿಂದಲೇ ಹೀಗಾಯಿತೇ ಮೇಡಂ?"

ಅಲ್ಲ. ಆ ನಾಳ ಎರಡಾಗಿ ಬೇರ್ಪಡುವ ಕೆಲಸ ಮೂರನೇ ತಿಂಗಳು ತುಂಬುವುದರೊಳಗೇ ಮುಗಿದಿರುತ್ತದೆ. ಗ್ರಹಣ ಬಂದದ್ದು ಅದಾದ ಮೇಲೆ. ರಕ್ತಸಂಬಂಧದ ಮದುವೆ ಹೃದಯದೋಷದ ಸಾಧ್ಯತೆಯನ್ನು ತುಸು ಹೆಚ್ಚಿಸುವುದು ನಿಜ, ಆದರೆ ಈ ಮಗುವಿಗೆ ಅದೇ ಕಾರಣವೆಂದು ಹೇಳಲಾಗದು.

ಮೊದಲು ಗರ್ಭಜಲ ಪರೀಕ್ಷೆ ಮಾಡಿಸಲು ಹೇಳಿದೆ. ಈ ದೋಷವಿರುವ ಸುಮಾರು ಮೂರರಲ್ಲಿ ಒಂದು ಮಗುವಿಗೆ 22ನೇ ವರ್ಣತಂತುವಿನ ತುಣುಕೊಂದು ಇರುವುದಿಲ್ಲ. ಹಾಗಿದ್ದರೆ ಕ್ಯಾಲ್ಸಿಯಂ ಕೊರತೆ, ರೋಗನಿರೋಧಕ ಶಕ್ತಿಯ ಕೊರತೆ, ಕಲಿಕೆಯ ತೊಡಕುಗಳೂ ಬರಬಹುದು. ವರ್ಣತಂತುವಿನ ಕೊರತೆ ಹುಡುಕುವ ಫಿಶ್ ಎಂಬ ವಿಧಾನದಲ್ಲಿ ಕೆಲವೇ ದಿನಗಳಲ್ಲಿ ಇದು ಗೊತ್ತಾಗುತ್ತದೆ. ಅಷ್ಟರಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸಕರನ್ನು ಕಾಣಲಿ ಎಂದೆ. ಹುಟ್ಟಿದ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆಯಾಗಬೇಕು, ಹೆರಿಗೆಯೂ ಆ ಸೌಲಭ್ಯದ ಹತ್ತಿರವೇ ಆಗಬೇಕು. ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸುವ, ಕವಾಟವಿರುವ ಕೊಳವೆ ಮಗುವಿನೊಂದಿಗೆ ಬೆಳೆಯುವುದಿಲ್ಲ, ಮುಂದೆ ಬದಲಿಸಲೇಬೇಕು. ಖರ್ಚು ಒಂದೇ ಸಲದ್ದಲ್ಲವೆಂದು ಗಂಡನನ್ನು ಕರೆದು ಬಿಡಿಸಿ ಹೇಳಿದೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಹೃದಯದೋಷವೂ ಸೇರಿದೆ ಎಂಬುದನ್ನೂ.

"ಇವತ್ತೇ" ಎನ್ನುವ ಆತುರಕ್ಕೆ ಕಾನೂನಿನಲ್ಲಿ ಆಧಾರವಿಲ್ಲ. ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಆಮೇಲೆ ವೈದ್ಯಕೀಯ ಮಂಡಳಿ ಒಪ್ಪಬೇಕು. ಒಪ್ಪಿಗೆಯ ಸಹಿ ವಯಸ್ಕ ಗರ್ಭಿಣಿಯದು ಮಾತ್ರ. ಗಂಡನದೂ ಬೇಕಿಲ್ಲ, ಅಜ್ಜನ ಮಾತಂತೂ ದೂರವೇ ಉಳಿಯಿತು.

ಶೈಲಾ ಏನು ನಿರ್ಧರಿಸಿದರೆಂದು ಬರೆಯುವುದಿಲ್ಲ. ಅದನ್ನೇ ಸಲಹೆಯೆಂದು ಓದುವವರಿದ್ದಾರೆ. ನಿರ್ಧಾರ ಯಾವುದಾದರೂ, ಮುಂದಿನ ಬಸಿರಿನಲ್ಲಿ 18ರಿಂದ 20ನೇ ವಾರದೊಳಗೆ ಫೀಟಲ್ ಎಕೋ ಮಾಡಿಸಬೇಕು. ಮಗುವಿನಲ್ಲಿ ವರ್ಣತಂತುವಿನ ಕೊರತೆ ಕಂಡುಬಂದರೆ ಗಂಡಹೆಂಡಿರಿಬ್ಬರ ರಕ್ತವನ್ನೂ ಪರೀಕ್ಷಿಸಬೇಕು.