ಇನ್‌ಲ್ಯಾಂಡ್‌ಗೂ ಒಂದು ಚರಿತ್ರೆ

ಅಮೆರಿಕದ ನೆಬ್ರಾಸ್ಕಾದ ಲಿಂಕನ್ ನಗರದಿಂದ ಓದುಗರೊಬ್ಬರು ಬರೆದಿದ್ದಾರೆ: “ರೈಲಿನಿಂದ ಹುಟ್ಟಿದ ಒಂದು ಊರಿನ ಬಗ್ಗೆ ಬರೆದು ತರಲು ಮಗನಿಗೆ ಶಾಲೆಯಲ್ಲಿ ಹೇಳಿದ್ದಾರೆ. ಅವನು ಇನ್‌ಲ್ಯಾಂಡ್ ಅನ್ನುವ ಜಾಗ ಹಿಡಿದು ಕೂತಿದ್ದಾನೆ. ಅಲ್ಲಿ ಮೇಯರ್ ಇಲ್ಲ, ಪುರಸಭೆ ಇಲ್ಲ, ಇರುವುದೆಲ್ಲ ಕೌಂಟಿಯವರದೇ (ನಮ್ಮ ಜಿಲ್ಲೆಯಂಥದ್ದು) ಆಡಳಿತ. ಪಕ್ಕದ ಹೇಸ್ಟಿಂಗ್ಸ್ ಬಗ್ಗೆ ಬರೆಯೋ ಎಂದರೆ ಕೇಳುವುದಿಲ್ಲ. ಇಂಥ ಜಾಗಕ್ಕೆಲ್ಲ ಚರಿತ್ರೆ ಇರುತ್ತದೆಯೇ? ನೀವಾದರೂ ಬುದ್ಧಿ ಹೇಳಿ.”

ಹೇಳುತ್ತೇನೆ ಸ್ವಾಮಿ, ಆದರೆ ಮಗನಿಗಲ್ಲ, ನಿಮಗೆ.

ಹೇಸ್ಟಿಂಗ್ಸ್ ಬಗ್ಗೆ ಬರೆಯುವುದು ಸುಲಭ, ನಿಜ. ಅಲ್ಲಿ ಮ್ಯೂಸಿಯಂ ಇದೆ, ಹಳೆಯ ಪತ್ರಿಕೆಗಳಿವೆ. ಸಣ್ಣ ಊರಿನ ಚರಿತ್ರೆ ಎಷ್ಟೋ ಸಲ ಯಾರ ಮನೆ ಎಲ್ಲಿತ್ತು ಅನ್ನುವ ಪಟ್ಟಿಯಲ್ಲೇ ಮುಗಿದುಹೋಗುತ್ತದೆ ಅನ್ನುವುದನ್ನೂ ಒಪ್ಪುತ್ತೇನೆ. ನನ್ನ ಒಪ್ಪಿಗೆ ಅಷ್ಟಕ್ಕೇ.

ಇವತ್ತೇ ಮಗನ ಜೊತೆ ನಕ್ಷೆ ಹರಡಿಕೊಂಡು ಕೂತು, ಲಿಂಕನ್‌ನಿಂದ ಪಶ್ಚಿಮಕ್ಕೆ ರೈಲುದಾರಿಯ ಮೇಲೆ ಬೆರಳಿಟ್ಟು ಹೋಗಿ. ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್, ಇನ್‌ಲ್ಯಾಂಡ್, ಜುನಿಯಾಟಾ, ಕೆನೆಸಾ, ಲೋವೆಲ್. ಇಂಗ್ಲಿಷ್ ಅಕ್ಷರಮಾಲೆಯ ಸಿಯಿಂದ ಎಲ್‌ವರೆಗೆ ಒಂದೂ ತಪ್ಪಿಲ್ಲ. 1871-72ರಲ್ಲಿ ಬರ್ಲಿಂಗ್ಟನ್ ಅಂಡ್ ಮಿಸೌರಿ ರಿವರ್ ಕಂಪನಿ ಹಳಿ ಹಾಕುತ್ತಾ ನಿಲ್ದಾಣಗಳಿಗೆ ಹೀಗೆ ಸಾಲಾಗಿ ಹೆಸರಿಡುತ್ತಾ ಹೋಯಿತು. ಜನ ಬರುವ ಮೊದಲೇ ಹೆಸರು ಬಂತು. ಈ ಹಳಿಗಾಗಿ ಸರ್ಕಾರ ಕಂಪನಿಗೆ ಕೊಟ್ಟ ಜಮೀನು ಸುಮಾರು 24 ಲಕ್ಷ ಎಕರೆ. ಹಳಿ ಹಾದುಹೋದ, ಪ್ಲ್ಯಾಟ್ ನದಿಯ ದಕ್ಷಿಣದ ನೆಲವನ್ನು ಪಾನೀ ಅನ್ನುವ ಮೂಲನಿವಾಸಿ ಜನ 1833ರ ಒಪ್ಪಂದದಲ್ಲಿ ಬಿಟ್ಟುಕೊಟ್ಟಿದ್ದರು. ನಿಮ್ಮ ಮಗ ಶುರು ಮಾಡಬೇಕಾದದ್ದು ಅಲ್ಲಿಂದ.

ನಕ್ಷೆಯಲ್ಲಿ ಅದೇ ದಾರಿಯ ಮೇಲೆ ಹೇಸ್ಟಿಂಗ್ಸ್ ಎಲ್ಲಿದೆ ನೋಡಿದಿರಾ? ಇನ್‌ಲ್ಯಾಂಡ್ ದಾಟಿದ ಮೇಲೆ! ಐ ಆದಮೇಲೆ ಎಚ್ ಹೇಗೆ ಬಂತು? ಅದು ಈ ಕಂಪನಿ ಕಟ್ಟಿದ ಊರಲ್ಲ. 1872ರಲ್ಲಿ ಸೇಂಟ್ ಜೋಸೆಫ್ ಅಂಡ್ ಡೆನ್ವರ್ ಸಿಟಿ ಅನ್ನುವ ಇನ್ನೊಂದು ರೈಲುದಾರಿ ಬಂದು ಇದನ್ನು ಕೂಡಿಕೊಂಡಿತು. ಕೂಡಿದಲ್ಲಿ ಊರು ಎದ್ದಿತು, ಆ ಕಂಪನಿಯವರೊಬ್ಬರ ಹೆಸರೇ ಊರಿಗೂ ಬಂತು. ಹೇಸ್ಟಿಂಗ್ಸ್ ಇರುವ ಆಡಮ್ಸ್ ಕೌಂಟಿಯ ಮೊದಲ ಕೇಂದ್ರ ಜುನಿಯಾಟಾ ಆಗಿತ್ತು. 1878ರಲ್ಲಿ ಅದನ್ನೂ ಹೇಸ್ಟಿಂಗ್ಸ್ ಕಿತ್ತುಕೊಂಡಿತು. ನೀವು ಹೊಗಳುವ ದೊಡ್ಡ ಊರು ಯಾಕೆ ದೊಡ್ಡದಾಯಿತು ಅನ್ನುವುದು ತಿಳಿಯಬೇಕಾದರೂ ಪಕ್ಕದ ಸಣ್ಣ ಊರುಗಳನ್ನೇ ಕೇಳಬೇಕು.

ಲೋವೆಲ್ ಕಥೆ ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಹಳಿ ಅಲ್ಲಿಗೆ ಬಂದು ನಿಂತ ದಿನಗಳಲ್ಲಿ ಅದು ಭರ್ಜರಿ ಊರು. ಸರ್ಕಾರದ ಜಮೀನು ಕಚೇರಿ ಅಲ್ಲಿತ್ತು, ಕೌಂಟಿ ಕೇಂದ್ರವೂ ಅದೇ. ಹಳಿ ಮುಂದೆ ಕೀರ್ನಿಗೆ ಹೋಯಿತು, ಜಮೀನು ಕಚೇರಿ ಬ್ಲೂಮಿಂಗ್ಟನ್‌ಗೆ, ಕೌಂಟಿ ಕೇಂದ್ರ ಮಿಂಡೆನ್‌ಗೆ. ಈಗ ಲೋವೆಲ್‌ಗೂ ಇನ್‌ಲ್ಯಾಂಡ್‌ನಂತೆಯೇ ಪುರಸಭೆ ಇಲ್ಲ. ಅಲ್ಲಿನ ಜನ ಸೋಮಾರಿಗಳಾಗಿದ್ದರು ಅಂತ ಯಾರಾದರೂ ಹೇಳಲಾದೀತೇ? ಬೇರೆಲ್ಲೋ ಕೂತವರು ತೀರ್ಮಾನ ಮಾಡಿದರು, ಇವರು ಅನುಭವಿಸಿದರು.

ಇಂಥ ನಿಲ್ದಾಣಗಳು ಹೆಚ್ಚುಕಡಿಮೆ ಏಳೆಂಟು ಮೈಲಿಗೊಂದು ಇದ್ದದ್ದಕ್ಕೂ ಕಾರಣವಿತ್ತು. ಉಗಿ ಎಂಜಿನ್‌ಗೆ ಪದೇ ಪದೇ ನೀರು ಬೇಕು. ರೈತ ಕುದುರೆಗಾಡಿಯಲ್ಲಿ ಜೋಳ ತಂದು ಹಾಕಿ ಕತ್ತಲಾಗುವುದರೊಳಗೆ ಮನೆ ಸೇರಬೇಕು. ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಕೈಯಲ್ಲಿ ಒತ್ತುವ ಟ್ರಾಲಿಯಲ್ಲಿ ತಮ್ಮ ಪಾಲಿನ ಮೈಲಿಗಳನ್ನು ಸುತ್ತಿಬರಬೇಕು. ರೈಲು ನಿಲ್ಲದ ಕಡೆ ಅಂಚೆ ಕೊಡುತ್ತಿದ್ದ ರೀತಿಯನ್ನಂತೂ ಮಗನಿಗೆ ಬಿಡಿಸಿ ಹೇಳಿ. ಅಂಚೆ ಚೀಲದ ನಡುವಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ಹಳಿ ಪಕ್ಕದ ಕಂಬಕ್ಕೆ ತೂಗುಹಾಕುತ್ತಿದ್ದರು. ಓಡುವ ರೈಲಿನ ಗುಮಾಸ್ತ ಬಾಗಿಲಲ್ಲಿ ನಿಂತು ಕಬ್ಬಿಣದ ಕೊಕ್ಕೆ ಚಾಚಿ ಅದನ್ನು ಸೆಳೆದುಕೊಳ್ಳುತ್ತಿದ್ದ, ಊರಿಗೆ ಬಂದ ಚೀಲವನ್ನು ಆಚೆ ಒದೆಯುತ್ತಿದ್ದ. ಕತ್ತಲಲ್ಲಿ, ಮಂಜಿನಲ್ಲಿ, ಕಂಬ ಯಾವಾಗ ಬರುತ್ತದೆ ಅನ್ನುವ ಅಂದಾಜಿನ ಮೇಲೆ! ಡೀಸೆಲ್ ಎಂಜಿನ್ ಬಂದು ನೀರು ಬೇಡವಾಯಿತು, ಲಾರಿ ಬಂದು ಜೋಳ ದೂರದ ಎಲಿವೇಟರ್‌ಗೆ, ಅಂದರೆ ಧಾನ್ಯ ತುಂಬಿಡುವ ಎತ್ತರದ ಉಗ್ರಾಣಕ್ಕೆ, ಹೋಯಿತು. ಅಂಚೆಯೂ ರಸ್ತೆ ಹಿಡಿಯಿತು.

ನನಗೆ ಬಹಳ ದಿನದಿಂದ ಒಂದು ಬೇಸರವಿದೆ, ಈ ನೆಪದಲ್ಲಿ ಹೇಳಿಬಿಡುತ್ತೇನೆ. ನಮ್ಮ ಕಚೇರಿಗೆ ಬರುವ ಅಮೆರಿಕ ಪ್ರವಾಸ ಲೇಖನಗಳಲ್ಲಿ ನಯಾಗರ ಇಲ್ಲದ್ದು ಅಪರೂಪ. ಅದು ಬಿಟ್ಟರೆ ನ್ಯೂಯಾರ್ಕ್, ಅದೂ ಬಿಟ್ಟರೆ ಲಾಸ್ ವೇಗಸ್. ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಇನ್‌ಲ್ಯಾಂಡ್ ದಾಟುವುದು ರಾತ್ರಿ ಹೊತ್ತು, ಅದರಲ್ಲಿ ಹೋಗಿಬಂದವರ ಲೇಖನದಲ್ಲಿ ನೆಬ್ರಾಸ್ಕಾ ಒಂದು ಸಾಲಿಗೆ ಮುಗಿಯುತ್ತದೆ. 1873ರಲ್ಲಿ ಕಪ್ಪು ಸಮುದ್ರದ ತೀರ ಬಿಟ್ಟು ಬಂದ ಜರ್ಮನ್ ಕುಟುಂಬಗಳು ಇದೇ ದಾರಿಯ ಸಟನ್‌ನಲ್ಲಿ ಬೇರೂರಿದವು. ಮನೆ ಬಿಟ್ಟು ದೂರ ಬಂದು ಬದುಕು ಕಟ್ಟಿಕೊಂಡವರ ಕಥೆ ಅದು. ಅದು ನಿಮಗೆ, ಕನ್ನಡ ನಾಡು ಬಿಟ್ಟು ಅಲ್ಲೇ ನೆಲೆಸಿರುವವರಿಗೆ, ಬೇಡವಾದರೆ ಇನ್ಯಾರಿಗೆ ಬೇಕು?

ಮಗನನ್ನು ತಡೆಯಬೇಡಿ. ರಜೆಯ ಒಂದು ದಿನ, ಇನ್‌ಲ್ಯಾಂಡ್ ಸೇರಿರುವ ಕೌಂಟಿಯ ಕೇಂದ್ರವಾದ ಕ್ಲೇ ಸೆಂಟರ್‌ನ ಕೋರ್ಟ್‌ಹೌಸಿಗೆ ಕರೆದುಕೊಂಡು ಹೋಗಿ, ಇನ್‌ಲ್ಯಾಂಡ್‌ನ ನಿವೇಶನಗಳ ಹಳೆಯ ನಕ್ಷೆಯನ್ನೂ ಜಮೀನು ಮಾರಾಟದ ದಾಖಲೆಗಳನ್ನೂ ಕೇಳಿ ನೋಡಿ. ಯಾವ ನಿವೇಶನ ಯಾವಾಗ ಯಾರ ಕೈ ಸೇರಿತು ಅನ್ನುವುದನ್ನು ಅವನೇ ಹುಡುಕಲಿ. ಹುಡುಗ ಬರೆದದ್ದನ್ನು ಕನ್ನಡಕ್ಕೆ ತಂದು ನಮಗೆ ಕಳಿಸಿ. ಪುಟ ನಾನು ಕೊಡುತ್ತೇನೆ.

— ಸಂಪಾದಕ